ಹೌಸ್ ರೂಲ್ ಯಾರ ಮೇಲೆ ಬೀಳುತ್ತದೆ?

ಚೌಕಾಬಾರ ಆಡುವ ಮನೆಗಳಲ್ಲಿ ಒಂದೊಂದು ಮನೆಗೂ ಒಂದೊಂದು ಕಟ್ಟಳೆ, ಅಂದರೆ ಹೌಸ್ ರೂಲ್, ಇರುತ್ತದೆ. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ ಎನ್ನುವವರಿದ್ದಾರೆ, ಅದೆಲ್ಲ ಬೇಡ ಎನ್ನುವವರೂ ಇದ್ದಾರೆ. ನಾಲ್ಕೋ ಎಂಟೋ ಬಿದ್ದಾಗ ಮತ್ತೆ ಕವಡೆ ಹಾಕಬಹುದೇ ಎಂಬ ವಿಷಯದಲ್ಲಿ ಅಕ್ಕಪಕ್ಕದ ಮನೆಗಳೇ ಒಪ್ಪುವುದಿಲ್ಲ. ಕಟ್ಟಳೆ ಯಾವುದೇ ಇದ್ದರೂ ಅದರಿಂದ ಯಾರಿಗೂ ಅನ್ಯಾಯವಾಗುವುದಿಲ್ಲ, ಏಕೆಂದರೆ ಆಡಲು ಕುಳಿತ ಎಲ್ಲರ ಕೈಯಲ್ಲೂ ಇರುವುದು ಒಂದೇ ಬಗೆಯ ಕಾಯಿಗಳು, ಎಲ್ಲರೂ ನಡೆಯುವುದು ಅಷ್ಟೇ ಉದ್ದದ ದಾರಿ. ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಂಥ ರೋಲ್‌ಪ್ಲೇಯಿಂಗ್ ಆಟದ ಮೇಜಿಗೆ ಈ ಸೌಕರ್ಯವಿಲ್ಲ. ಅಲ್ಲಿ ಒಬ್ಬರು ಸರದಿಗೆ ಮೂರು ಬಾರಿ ಕತ್ತಿ ಬೀಸುವ ಫೈಟರ್, ಇನ್ನೊಬ್ಬರು ದಿನಕ್ಕೆ ಇಷ್ಟೇ ಎಂದು ಎಣಿಸಿಕೊಂಡು ಸ್ಪೆಲ್ (ಮಂತ್ರ) ಹಾಕುವ ವಿಝಾರ್ಡ್, ಮತ್ತೊಬ್ಬರು ಕರಡಿಯಾಗಿ ಬದಲಾಗುವ ಡ್ರುಯಿಡ್. ಎಲ್ಲರಿಗೂ ಒಂದೇ ಎಂದು ಸಾರಿದ ನಿಯಮ ಕೂಡ ಇಲ್ಲಿ ಒಬ್ಬೊಬ್ಬರ ಮೇಲೆ ಒಂದೊಂದು ತೂಕದಲ್ಲಿ ಬೀಳುತ್ತದೆ.

ಕ್ಲಾಸುಗಳ, ಅಂದರೆ ಫೈಟರ್, ವಿಝಾರ್ಡ್ ಮುಂತಾದ ಪಾತ್ರದ ಬಗೆಗಳ, ಹೌಸ್ ರೂಲ್ ಎಂದೊಡನೆ ಸಾಮಾನ್ಯವಾಗಿ ನೆನಪಾಗುವುದು, ಆಟ ನಡೆಸುವ ಡಂಜನ್ ಮಾಸ್ಟರ್ ಒಬ್ಬರು ಯಾವುದೋ ಕ್ಲಾಸಿನ ಹೆಸರು ಹೇಳಿ ಅದರ ಶಕ್ತಿಯನ್ನು ತಗ್ಗಿಸುವುದು ಅಥವಾ ಹೆಚ್ಚಿಸುವುದು. ಬೆಂಗಳೂರಿನ ಒಂದು ಚಿಕ್ಕ ಗುಂಪಿಗೆ ಹಲವು ವರ್ಷಗಳಿಂದ ಆಟ ನಡೆಸುತ್ತ, ನಡುನಡುವೆ ಬೇರೆಯವರ ಮೇಜುಗಳಲ್ಲಿ ಆಟಗಾರನಾಗಿ ಕೂರುತ್ತ ನನಗೆ ತಿಳಿದುಬಂದದ್ದು ಬೇರೆ. ಹೆಸರು ಹೇಳಿ ಮಾಡಿದ ನಿಯಮ ಎಲ್ಲರ ಕಣ್ಣಿಗೆ ಬೀಳುವುದರಿಂದ ಅದರ ಬಗ್ಗೆ ಜಗಳವಾದರೂ ಆಗುತ್ತದೆ. ಯಾವ ಕ್ಲಾಸಿನ ಹೆಸರನ್ನೂ ಎತ್ತದ, ಎಲ್ಲರಿಗೂ ಸಮವೆಂದು ಕಾಣುವ ನಿಯಮಗಳೇ ಹೆಚ್ಚಿನ ಅನ್ಯಾಯ ಮಾಡುತ್ತವೆ. ಆದ್ದರಿಂದ ಹೊಸ ನಿಯಮವೊಂದು ಮೇಜಿಗೆ ಬಂದಾಗ ನಾನು ಮೊದಲು ಕೇಳುವುದು ಅದು ಸೊಗಸಾಗಿದೆಯೇ, ವಾಸ್ತವಕ್ಕೆ ಹತ್ತಿರವಾಗಿದೆಯೇ ಎಂದಲ್ಲ. ಇವತ್ತು ಇಲ್ಲಿ ಕುಳಿತಿರುವ ನಾಲ್ಕೈದು ಪಾತ್ರಗಳಲ್ಲಿ ಇದು ಯಾರ ಮೇಲೆ, ದಿನಕ್ಕೆ ಎಷ್ಟು ಸಲ ಬೀಳುತ್ತದೆ ಎಂದು. ನಮ್ಮ ಮೇಜು ಇನ್ನೂ 2014ರ ಐದನೆಯ ಆವೃತ್ತಿಯ ನಿಯಮಗಳಲ್ಲೇ ಆಡುತ್ತಿರುವುದರಿಂದ ಮುಂದಿನ ಲೆಕ್ಕಗಳೆಲ್ಲ, ಬೇರೆ ಹೇಳದ ಕಡೆ, ಆ ಆವೃತ್ತಿಯವು.

ಅತ್ಯಂತ ಜನಪ್ರಿಯವಾದ ಫಂಬಲ್ ನಿಯಮವನ್ನೇ ತೆಗೆದುಕೊಳ್ಳೋಣ. ಪುಸ್ತಕದ ಪ್ರಕಾರ ದಾಳಿಗೆಂದು ಎಸೆದ ಇಪ್ಪತ್ತು ಮುಖದ ದಾಳದಲ್ಲಿ 1 ಬಿದ್ದರೆ ಏಟು ತಪ್ಪುತ್ತದೆ, ಅಷ್ಟೇ. ಬಹಳ ಮೇಜುಗಳಲ್ಲಿ ಇದು ಸಪ್ಪೆ ಎನಿಸಿ, 1 ಬಿದ್ದವರ ಕತ್ತಿ ಕೈಜಾರಿ ಬೀಳುತ್ತದೆ, ಬಿಲ್ಲಿನ ಹೆದೆ ಹರಿಯುತ್ತದೆ, ಕೆಲವೊಮ್ಮೆ ಪಕ್ಕದ ಗೆಳೆಯನಿಗೇ ಏಟು ಬೀಳುತ್ತದೆ. ಮೊದಲ ನಾಲ್ಕಾರು ವಾರ ಎಲ್ಲರೂ ನಗುತ್ತಾರೆ. ಆದರೆ ಲೆಕ್ಕ ಹಾಕಿ ನೋಡಿ: ಸರದಿಗೆ ಒಂದೇ ಏಟು ಹಾಕುವ, ಅನುಭವದ ಮೊದಲ ಮೆಟ್ಟಿಲಾದ ಒಂದನೆಯ ಲೆವೆಲಿನ ಫೈಟರ್‌ಗೆ ಒಂದು ಸರದಿಯಲ್ಲಿ 1 ಬೀಳುವ ಸಾಧ್ಯತೆ ಶೇಕಡಾ 5. ಐದನೆಯ ಲೆವೆಲಿಗೆ ಎರಡು ಏಟು, ಸಾಧ್ಯತೆ ಸುಮಾರು ಶೇ. 10. ಹನ್ನೊಂದಕ್ಕೆ ಮೂರು ಏಟು, ಸುಮಾರು ಶೇ. 14. ಇಪ್ಪತ್ತನೆಯ ಲೆವೆಲಿನಲ್ಲಿ ನಾಲ್ಕು ಏಟು ಹಾಕುವ, ಲೋಕವೇ ಹೆಸರು ಹೇಳುವ ಮಹಾವೀರನಿಗೆ ಶೇ. 18ಕ್ಕಿಂತ ಹೆಚ್ಚು, ಆತ ಒಂದೇ ಸರದಿಯಲ್ಲಿ ಎರಡು ಸಲ ದಾಳಿ ಮಾಡಲು ಬಿಡುವ ಆಕ್ಷನ್ ಸರ್ಜ್ ಬಳಸಿ ಎಂಟು ಏಟು ಹಾಕಿದರೆ ಮೂರರಲ್ಲಿ ಒಂದು ಸಲ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ. ಹನ್ನೊಂದನೆಯ ಲೆವೆಲಿನವನು ನಾಲ್ಕು ಸುತ್ತಿನ ಒಂದು ಸಾಮಾನ್ಯ ಕಾದಾಟದಲ್ಲಿ ಒಮ್ಮೆಯಾದರೂ ಮುಗ್ಗರಿಸುವ ಸಾಧ್ಯತೆ ಸುಮಾರು ಶೇ. 46. ಅದೇ ಕಾದಾಟದಲ್ಲಿ ವಿಝಾರ್ಡ್ ಫೈರ್‌ಬಾಲ್ ಎಂಬ ಬೆಂಕಿಯುಂಡೆಯ ಸ್ಪೆಲ್ ಹಾಕಿದರೆ, ತಪ್ಪಿಸಿಕೊಳ್ಳಲು ದಾಳ ಎಸೆಯುವವರು ಎದುರಾಳಿಗಳು; ವಿಝಾರ್ಡ್ ದಾಳಿಯ ದಾಳವನ್ನೇ ಮುಟ್ಟದಿರುವುದರಿಂದ ಅವನ ಪಾಲಿಗೆ ಈ ನಿಯಮ ಇಲ್ಲವೇ ಇಲ್ಲ.

ನಾನು ಆಟಗಾರನಾಗಿದ್ದ ಒಂದು ಮೇಜಿನಲ್ಲಿ ಫೈಟರ್ ಆಡುತ್ತಿದ್ದ ಗೆಳತಿ ಇದನ್ನು ಶೇಕಡಾವಾರಿನ ಹಂಗಿಲ್ಲದೆ ಹೇಳಿದರು. “ಕಲಿತಷ್ಟೂ ಕತ್ತಿ ಕೈಜಾರೋದು ಹೆಚ್ಚಾಗುತ್ತೆ ಅಂದ್ರೆ ಇದ್ಯಾವ ವಿದ್ಯೆ ಸ್ವಾಮಿ?” ಎಂದು ಅವರು ಕೇಳಿದ್ದಕ್ಕೆ ಡಂಜನ್ ಮಾಸ್ಟರ್ ಕೊಟ್ಟ ಉತ್ತರವೂ ತಳ್ಳಿಹಾಕುವಂಥದ್ದಲ್ಲ. ಹೆಚ್ಚು ಏಟು ಹಾಕುವವರಿಗೆ 20 ಬೀಳುವ ಅವಕಾಶವೂ ಹೆಚ್ಚು, ಹಾಗಾಗಿ ಒಂದಕ್ಕೊಂದು ಸರಿಹೋಗುತ್ತದೆ ಎಂಬುದು ಅವರ ವಾದ. ಇದು ಸರಿಯೆನಿಸುವುದು ಮೇಲ್ನೋಟಕ್ಕೆ ಮಾತ್ರ. 20 ಬಿದ್ದಾಗ ಸಿಗುವ ಹೆಚ್ಚಿನ ಹಾನಿ ಪುಸ್ತಕದಲ್ಲೇ ಇದೆ. ಫೈಟರ್‌ಗೆ ಎಷ್ಟು ಶಕ್ತಿ ಇರಬೇಕೆಂದು ಆಟ ಕಟ್ಟಿದವರು ಲೆಕ್ಕ ಹಾಕುವಾಗ ಅದನ್ನು ಸೇರಿಸಿಯೇ ಲೆಕ್ಕ ಹಾಕಿದ್ದಾರೆ. ಫಂಬಲ್ ಆ ಲೆಕ್ಕದಲ್ಲಿ ಇಲ್ಲದ, ಹೊರಗಿನಿಂದ ಬಂದ ದಂಡ. ಸಂಬಳವನ್ನು ಮೊದಲೇ ಲೆಕ್ಕ ಹಾಕಿ ಕೊಟ್ಟಿರುವಾಗ, ಆ ಸಂಬಳವನ್ನೇ ತೋರಿಸಿ ಹೊಸ ಕಡಿತವನ್ನು ಸಮರ್ಥಿಸಿದಂತಾಯಿತು ಇದು. ಫಂಬಲ್ ಇಲ್ಲದೆ ಆಟ ರುಚಿಸದು ಎನ್ನುವವರು ಅದನ್ನು ಸರದಿಯ ಮೊದಲನೆಯ ಏಟಿಗೆ ಸೀಮಿತಗೊಳಿಸಬಹುದು. ಆಗ ಲೆವೆಲ್ ಎಷ್ಟೇ ಏರಿದರೂ ಸಾಧ್ಯತೆ ಶೇ. 5ರಲ್ಲೇ ನಿಲ್ಲುತ್ತದೆ. ಜೊತೆಗೆ, ಸ್ಪೆಲ್‌ನಿಂದ ತಪ್ಪಿಸಿಕೊಳ್ಳಲು ಎದುರಾಳಿ ಎಸೆದ ದಾಳದಲ್ಲಿ 20 ಬಿದ್ದರೆ ಸ್ಪೆಲ್ ಹಾಕಿದವರಿಗೂ ಏನಾದರೊಂದು ಕೀಟಲೆ ಆಗಬೇಕು. ಇದನ್ನು ಸೂಚಿಸಿದೊಡನೆ ವಿಝಾರ್ಡ್ ಆಡುವವರ ಮುಖ ಹೇಗಾಗುತ್ತದೆ ಎಂಬುದೇ ಮೂಲ ನಿಯಮ ಎಷ್ಟು ನ್ಯಾಯವಾಗಿತ್ತೆಂಬುದಕ್ಕೆ ಒಳ್ಳೆಯ ಅಳತೆ. ನನ್ನ ಮೇಜಿನಲ್ಲಿ ಫಂಬಲ್ ಇಲ್ಲ.

ಫಂಬಲ್ ಕನಿಷ್ಠಪಕ್ಷ ನಿಯಮವೆಂದು ಕರೆಸಿಕೊಳ್ಳುತ್ತದೆ. ಯಾರೂ ನಿಯಮವೆಂದು ಕರೆಯದ, ಬರೀ ರೂಢಿಯಾಗಿ ಉಳಿದಿರುವ ಇನ್ನೊಂದು ಸಂಗತಿ ಕ್ಲಾಸುಗಳ ಸಮತೋಲವನ್ನು ಇದಕ್ಕಿಂತ ಹೆಚ್ಚು ಕೆಡಿಸುತ್ತದೆ. ಅದು ವಿಶ್ರಾಂತಿ. 2014ರ ಆವೃತ್ತಿಯಲ್ಲಿ ಒಂದು ಗಂಟೆಯ ಶಾರ್ಟ್ ರೆಸ್ಟ್, ಎಂಟು ಗಂಟೆಯ ಲಾಂಗ್ ರೆಸ್ಟ್ ಎಂದು ಎರಡು ಬಗೆ. ಫೈಟರ್, ಮಂಕ್ ಮತ್ತು ವಾರ್ಲಾಕ್‌ಗಳ ಮುಖ್ಯ ಶಕ್ತಿಗಳು ಶಾರ್ಟ್ ರೆಸ್ಟ್ ಮುಗಿದೊಡನೆ ಮರಳಿ ಬರುತ್ತವೆ. ವಿಝಾರ್ಡ್, ಕ್ಲೆರಿಕ್, ಸಾರ್ಸರರ್‌ಗಳ ಸ್ಪೆಲ್ ಸ್ಲಾಟ್‌ಗಳು, ಅಂದರೆ ಸ್ಪೆಲ್ ಹಾಕಿದಾಗ ಖರ್ಚಾಗುವ, ಸ್ಪೆಲ್ಲಿನ ಬಲಕ್ಕೆ ತಕ್ಕಂತೆ ಮಟ್ಟಗಳಿರುವ ಅವಕಾಶಗಳು, ಬಹುಮಟ್ಟಿಗೆ ಲಾಂಗ್ ರೆಸ್ಟ್‌ಗಾಗಿ ಕಾಯಬೇಕು. ಡಂಜನ್ ಮಾಸ್ಟರ್‌ಗೆಂದೇ ಇರುವ ಕೈಪಿಡಿ, ಪಾತ್ರಗಳ ಒಂದು ದಿನದಲ್ಲಿ ಸಾಧಾರಣದಿಂದ ಕಠಿಣದವರೆಗಿನ ಆರರಿಂದ ಎಂಟು ಸಂಘರ್ಷಗಳಿರಬಹುದು, ನಡುವೆ ಸುಮಾರು ಎರಡು ಶಾರ್ಟ್ ರೆಸ್ಟ್ ಬೇಕಾಗಬಹುದು ಎಂದು ಹೇಳುತ್ತದೆ. ಕ್ಲಾಸುಗಳ ತೂಕ ಹೊಂದುವುದು ಆ ಅಂದಾಜಿನ ಮೇಲೆ.

ಭಾನುವಾರ ಸಂಜೆ ಟ್ರಾಫಿಕ್ ದಾಟಿ ಬಂದು, ತಿಂಡಿ ಮುಗಿಸಿ, ಮೂರು ಗಂಟೆ ಆಡುವ ಗುಂಪಿನಲ್ಲಿ ಆರು ಸಂಘರ್ಷ ನಡೆಯುವುದೆಂದರೆ ತಿಂಗಳ ಮಾತು. ಹೆಚ್ಚಿನ ಕಡೆ ನಡೆಯುವುದು ಒಂದು ದೊಡ್ಡ ಕಾದಾಟ, ಆಮೇಲೆ ಮಾತುಕತೆ, ಕೊನೆಗೆ “ಸರಿ, ಎಲ್ಲರೂ ಮಲಗಿದಿರಿ” ಎಂಬ ಘೋಷಣೆ. ಈ ರೂಢಿಯ ಪರಿಣಾಮವನ್ನು ಐದನೆಯ ಲೆವೆಲಿನ ಪಾತ್ರಗಳ ಮೇಲೆ ಎಣಿಸಬಹುದು. ಪುಸ್ತಕ ಊಹಿಸಿದ ದಿನದಲ್ಲಿ ವಾರ್ಲಾಕ್‌ಗೆ ಮೂರನೆಯ ಮಟ್ಟದ ಎರಡು ಸ್ಲಾಟ್ ಮೂರು ಸಲ, ಅಂದರೆ ಒಟ್ಟು ಆರು. ವಿಝಾರ್ಡ್‌ಗೆ ಆ ಮಟ್ಟದವು ಎರಡೇ, ಉಳಿದ ಏಳು ಕೆಳಮಟ್ಟದವು. ಒಂದೇ ಕಾದಾಟದ ದಿನದಲ್ಲಿ ವಾರ್ಲಾಕ್‌ನ ಆರು ಎರಡಕ್ಕಿಳಿಯುತ್ತದೆ, ವಿಝಾರ್ಡ್‌ನ ಒಂಬತ್ತು ಒಂಬತ್ತಾಗಿಯೇ ಉಳಿಯುತ್ತದೆ, ಮೇಲಾಗಿ ಅವನ್ನು ಕೂಡಿಡುವ ಚಿಂತೆಯೂ ಇಲ್ಲದೆ ಪ್ರತಿ ಸುತ್ತಿಗೂ ದೊಡ್ಡದನ್ನೇ ಎಸೆಯಬಹುದು. ಮಂಕ್ ತನ್ನ ವಿಶೇಷ ಪಟ್ಟುಗಳಿಗೆ ಖರ್ಚು ಮಾಡುವ ಹದಿನೈದು ಕಿ ಐದಾಗುತ್ತದೆ. ಇಷ್ಟಾದ ಮೇಲೆ ವಾರ್ಲಾಕ್ ದುರ್ಬಲ ಕ್ಲಾಸ್, ಮಂಕ್ ಕೈಲಾಗದವನು ಎಂಬ ತೀರ್ಪು ಹೊರಬೀಳುತ್ತದೆ, ಮತ್ತು ಆ ತೀರ್ಪನ್ನು ನಂಬಿ ವಾರ್ಲಾಕ್‌ಗೆ ಒಂದು ಸ್ಲಾಟ್, ಮಂಕ್‌ಗೆ ಒಂದಿಷ್ಟು ಕಿ ಹೆಚ್ಚಿಸುವ ಹೌಸ್ ರೂಲ್ ಹುಟ್ಟುತ್ತದೆ. ಬದಲಾಯಿಸಬೇಕಾಗಿದ್ದದ್ದು ದಿನದ ಅಳತೆಯನ್ನು.

ಇದಕ್ಕೆ ಕೈಪಿಡಿಯಲ್ಲೇ ಒಂದು ಪರ್ಯಾಯವಿದೆ: ಶಾರ್ಟ್ ರೆಸ್ಟ್ ಎಂಟು ಗಂಟೆ, ಲಾಂಗ್ ರೆಸ್ಟ್ ಏಳು ದಿನ. ರಾತ್ರಿಯ ನಿದ್ದೆಯೇ ಶಾರ್ಟ್ ರೆಸ್ಟ್ ಆಗುವುದರಿಂದ ಒಂದು ವಾರದ ಪ್ರಯಾಣದಲ್ಲಿ ಆರು ಸಂಘರ್ಷಗಳನ್ನು ಆರಾಮಾಗಿ ಹರಡಬಹುದು. ನಾವು ಇದನ್ನು ಹಾಗೆಯೇ ತೆಗೆದುಕೊಳ್ಳಲಿಲ್ಲ, ಏಕೆಂದರೆ ಇದೂ ಎಲ್ಲರ ಮೇಲೆ ಒಂದೇ ರೀತಿ ಬೀಳುವುದಿಲ್ಲ. ಕವಚ ತೊಡದ ವಿಝಾರ್ಡ್ ಬೆಳಿಗ್ಗೆ ಹಾಕಿಕೊಳ್ಳುವ ಮೇಜ್ ಆರ್ಮರ್ ಎಂಬ ರಕ್ಷಣೆಯ ಸ್ಪೆಲ್ ಎಂಟು ಗಂಟೆ ಮಾತ್ರ ಇರುತ್ತದೆ. ಸ್ಲಾಟ್ ವಾರಕ್ಕೊಮ್ಮೆ ಮರಳುವುದಾದರೆ ಬರೀ ಮೈಮುಚ್ಚಿಕೊಳ್ಳುವುದಕ್ಕೇ ಅವನ ಮೊದಲ ಮಟ್ಟದ ಸ್ಲಾಟ್‌ಗಳೆಲ್ಲ ಖರ್ಚಾಗುತ್ತವೆ, ಫೈಟರ್‌ನ ಉಕ್ಕಿನ ಕವಚ ಮಾತ್ರ ಬಾಡಿಗೆ ಕೇಳುವುದಿಲ್ಲ. ಸ್ಪೆಲ್ ಹಾಕದ ಬಾರ್ಬೇರಿಯನ್ ಕೂಡ ಇಲ್ಲಿ ಸಿಕ್ಕಿಬೀಳುತ್ತಾನೆ, ಅವನ ರೇಜ್ ಎಂಬ ರೋಷಾವೇಶ ಐದನೆಯ ಲೆವೆಲಿನಲ್ಲಿ ಮೂರೇ ಸಲ ಮತ್ತು ಅದು ಮರಳುವುದು ಲಾಂಗ್ ರೆಸ್ಟ್‌ನಲ್ಲಿ. ಚರ್ಚೆಯ ಕೊನೆಗೆ ನಮ್ಮಲ್ಲಿ ನಿಂತ ವ್ಯವಸ್ಥೆ ಹೀಗಿದೆ: ಸೂರು, ಬಾಗಿಲು, ಕಾವಲು ಇರುವ ಜಾಗದಲ್ಲಿ ಮಾತ್ರ ಲಾಂಗ್ ರೆಸ್ಟ್, ಕಾಡಿನಲ್ಲಿ ಕಳೆದ ರಾತ್ರಿ ಶಾರ್ಟ್ ರೆಸ್ಟ್‌ಗೆ ಸಮ, ಎರಡು ಲಾಂಗ್ ರೆಸ್ಟ್‌ಗಳ ನಡುವೆ ಹೆಚ್ಚೆಂದರೆ ಮೂರು ಶಾರ್ಟ್ ರೆಸ್ಟ್, ಎಂಟು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಬಾಳುವ ಸ್ಪೆಲ್‌ಗಳು ಮುಂದಿನ ಲಾಂಗ್ ರೆಸ್ಟ್‌ವರೆಗೆ ಉಳಿಯುತ್ತವೆ, ಬಾರ್ಬೇರಿಯನ್‌ಗೆ ಪ್ರತಿ ಶಾರ್ಟ್ ರೆಸ್ಟ್‌ಗೆ ಒಂದು ರೇಜ್ ವಾಪಸ್. ಕೊನೆಯದನ್ನು 2024ರ ಪರಿಷ್ಕೃತ ನಿಯಮಗಳು ಅಧಿಕೃತವಾಗಿಯೇ ಕೊಟ್ಟಿವೆ. ಮೂರರ ಮಿತಿ ಇರುವುದು ವಾರ್ಲಾಕ್‌ಗಾಗಿ. ಅದಿಲ್ಲದಿದ್ದರೆ ಪ್ರತಿ ಮರದ ಕೆಳಗೂ ಅವನಿಗೆ ದಣಿವಾಗುತ್ತದೆ.

ಇಷ್ಟು ಹೇಳಿದ ಮೇಲೆ ಹೆಸರು ಹಿಡಿದು ಮಾಡುವ ನಿಯಮಗಳ ಮಾತಿಗೆ ಬರಬಹುದು. ಇವುಗಳಲ್ಲಿ ಅತಿ ಹೆಚ್ಚು ಸಲ ಏಟು ತಿನ್ನುವವನು ರೋಗ್. ಐದನೆಯ ಲೆವೆಲಿನ ರೋಗ್ ಸ್ನೀಕ್ ಅಟ್ಯಾಕ್ (ಹೊಂಚುಹಾಕಿ ಹೊಡೆಯುವ ಏಟು) ಎಂದು ಹೇಳಿ ಕತ್ತಿಯ ದಾಳದ ಜೊತೆಗೆ ಮೂರು ಆರುಮುಖದ ದಾಳಗಳನ್ನು ಖಡಖಡ ಎಂದು ಮೇಜಿನ ಮೇಲೆ ಉರುಳಿಸಿದಾಗ ಹೊಸ ಡಂಜನ್ ಮಾಸ್ಟರ್‌ಗೆ ಎದೆ ಧಸಕ್ಕೆನ್ನುವುದು ಸಹಜ. ಎಣಿಸಿದರೆ ಆ ಏಟಿನ ಸರಾಸರಿ 19. ಅದೇ ಲೆವೆಲಿನ ಫೈಟರ್ ದೊಡ್ಡ ಕತ್ತಿಯಿಂದ ಎರಡು ಏಟು ಹಾಕಿ, ಎರಡೂ ತಗುಲಿದರೆ, ಗದ್ದಲವಿಲ್ಲದೆ 22 ಹಾನಿ ಮಾಡಿರುತ್ತಾನೆ, ಒಂದು ತಪ್ಪಿದರೂ ಇನ್ನೊಂದು ಕೈಯಲ್ಲಿರುತ್ತದೆ. ರೋಗ್‌ನದು ತಪ್ಪಿದರೆ ಸೊನ್ನೆ. ಫೈರ್‌ಬಾಲ್ ತಪ್ಪಿಸಿಕೊಳ್ಳಲಾಗದ ಪ್ರತಿಯೊಬ್ಬರಿಗೂ ಸರಾಸರಿ 28, ತಪ್ಪಿಸಿಕೊಂಡವರಿಗೂ ಅದರ ಅರ್ಧ. ಹೀಗಿರುವಾಗ ಸ್ನೀಕ್ ಅಟ್ಯಾಕನ್ನು ಕತ್ತಲೆಯಲ್ಲಿ, ಹಿಂದಿನಿಂದ, ಕಾದಾಟಕ್ಕೆ ಒಮ್ಮೆ ಎಂದೆಲ್ಲ ಬಿಗಿಗೊಳಿಸುವ ನಿಯಮ ಅಂಜಿಕೆಯಿಂದ ಹುಟ್ಟಿದ್ದು. ಸಹಚರನೊಬ್ಬ ಎದುರಾಳಿಯ ಪಕ್ಕದಲ್ಲಿದ್ದರೆ ಸಾಕು ಎಂದು ಪುಸ್ತಕ ಉದಾರವಾಗಿ ಬರೆದಿರುವುದು, ಆ ಏಟು ಪ್ರತಿ ಸರದಿಗೂ ಬೀಳಲಿ ಎಂಬ ಉದ್ದೇಶದಿಂದಲೇ.

ಪ್ರಾಣಿಯ ರೂಪದಲ್ಲಿ ಕಾದಾಡುವ ಮೂನ್ ಡ್ರುಯಿಡ್‌ನ ವಿಷಯ ಹೆಚ್ಚು ಕಷ್ಟದ್ದು, ಏಕೆಂದರೆ ಅಲ್ಲಿ ದೂರು ನಿಜ. ಎರಡನೆಯ ಲೆವೆಲಿನಲ್ಲಿ ಈ ಪಾತ್ರ ಕಂದುಕರಡಿಯಾಗಬಲ್ಲದು. ಕರಡಿಗೆ 34 ಹಿಟ್ ಪಾಯಿಂಟ್ (ತಾಳಬಲ್ಲ ಹಾನಿಯ ಅಳತೆ), ಕಚ್ಚಿ ಪರಚಿದರೆ ಸರಾಸರಿ 19 ಹಾನಿ. ಪಕ್ಕದಲ್ಲಿ ನಿಂತ ಅದೇ ಲೆವೆಲಿನ ಫೈಟರ್‌ಗೆ 20ರ ಆಸುಪಾಸಿನ ಹಿಟ್ ಪಾಯಿಂಟ್, ದೊಡ್ಡ ಕತ್ತಿಯ ಏಟಿಗೆ ಸರಾಸರಿ 10. ಕರಡಿ ಸತ್ತರೂ ಡ್ರುಯಿಡ್ ಸಾಯುವುದಿಲ್ಲ, ತನ್ನ ರೂಪಕ್ಕೆ ಮರಳಿ ಇನ್ನೊಮ್ಮೆ ಕರಡಿಯಾಗುತ್ತದೆ, ಶಾರ್ಟ್ ರೆಸ್ಟ್ ಮುಗಿದ ಮೇಲೆ ಮತ್ತೆ ಎರಡು ಸಲ. ಫೈಟರ್ ಆಡುವವರು ಇದನ್ನು ಕಂಡು ಮುನಿಸಿಕೊಂಡರೆ ತಪ್ಪೆನ್ನಲಾರೆ. ಆದರೆ ಐದನೆಯ ಲೆವೆಲಿನಲ್ಲಿ ಫೈಟರ್‌ಗೆ ಎರಡನೆಯ ಏಟು ಬಂದು, ಅವನ ಹಿಟ್ ಪಾಯಿಂಟ್ ದುಪ್ಪಟ್ಟಾಗಿರುವಾಗಲೂ ಡ್ರುಯಿಡ್‌ನ ಕರಡಿ ಅದೇ 34ರ ಕರಡಿ. ಅದಕ್ಕಿಂತ ದೊಡ್ಡ ಪ್ರಾಣಿ ಸಿಗುವುದು ಆರನೆಯ ಲೆವೆಲಿನಲ್ಲಿ. ಎರಡನೆಯ ಲೆವೆಲಿನ ಸಿಟ್ಟಿನಲ್ಲಿ “ಕರಡಿಗೆ ಅರ್ಧ ಹಿಟ್ ಪಾಯಿಂಟ್” ಎಂದು ಬರೆದಿಟ್ಟ ನಿಯಮ, ಅದನ್ನು ಬರೆದ ಕಾರಣ ಮಾಯವಾದ ಮೇಲೂ ಡ್ರುಯಿಡ್‌ನ ಬೆನ್ನ ಮೇಲೆ ಕೂತಿರುತ್ತದೆ. ನಾನು ಮಾಡುವುದಿಷ್ಟು: ಮೊದಲ ಮೂರು ಲೆವೆಲ್‌ಗಳನ್ನು ಬೇಗ ದಾಟಿಸುತ್ತೇನೆ, ಆ ಅವಧಿಗೆ ಮಾತ್ರ ದಿನಕ್ಕೆ ಒಂದೇ ಕರಡಿ ಎಂದು ಡ್ರುಯಿಡ್ ಆಡುವವರನ್ನು ಒಪ್ಪಿಸುತ್ತೇನೆ, ನಾಲ್ಕನೆಯ ಲೆವೆಲಿಗೆ ಆ ಮಿತಿ ತಾನಾಗಿ ಬಿದ್ದುಹೋಗುತ್ತದೆ ಎಂದು ನಿಯಮದಲ್ಲೇ ಬರೆದಿರುತ್ತೇನೆ. ಶಕ್ತಿ ತಗ್ಗಿಸುವ ಯಾವ ನಿಯಮಕ್ಕೂ ಮುಗಿಯುವ ದಿನವೊಂದಿರಬೇಕು.

ಎಲ್ಲ ಕ್ಲಾಸುಗಳೂ ಎಲ್ಲ ಹೊತ್ತಿನಲ್ಲೂ ಸಮವಾಗಿರಬೇಕು ಎಂಬ ನಿರೀಕ್ಷೆಯೇ ಈ ಆಟದಲ್ಲಿ ಹೊಸದು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಇದನ್ನು ಪ್ರಕಟಿಸಿದಾಗ ಫೈಟಿಂಗ್ ಮ್ಯಾನ್, ಮ್ಯಾಜಿಕ್ ಯೂಸರ್, ಕ್ಲೆರಿಕ್ ಎಂಬ ಮೂರೇ ಕ್ಲಾಸುಗಳಿದ್ದವು. ಥೀಫ್ ಮರುವರ್ಷದ ಪೂರಕ ಪುಸ್ತಕದಲ್ಲಿ ಬಂದ. ಅಂದಿನವರು ಸಮತೋಲವನ್ನು ಬೆಲೆಯಲ್ಲಿ ಹುಡುಕಿದರು. 1981ರ ಬೇಸಿಕ್ ನಿಯಮಗಳಲ್ಲಿ ಎರಡನೆಯ ಲೆವೆಲ್ ಮುಟ್ಟಲು ಥೀಫ್‌ಗೆ 1,200 ಅನುಭವಾಂಕ ಸಾಕು, ಕ್ಲೆರಿಕ್‌ಗೆ 1,500, ಫೈಟರ್‌ಗೆ 2,000, ಮ್ಯಾಜಿಕ್ ಯೂಸರ್‌ಗೆ 2,500, ಕತ್ತಿಯನ್ನೂ ಸ್ಪೆಲ್ಲನ್ನೂ ಬಲ್ಲ ಎಲ್ಫ್‌ಗೆ 4,000 ಬೇಕು. ಒಂದೇ ಸ್ಪೆಲ್ ಕೈಯಲ್ಲಿಟ್ಟುಕೊಂಡು, ಒಂದು ಏಟಿಗೆ ಸಾಯುವ ಮ್ಯಾಜಿಕ್ ಯೂಸರ್‌ನನ್ನು ಜೋಪಾನ ಮಾಡಿ ಬೆಳೆಸಿದವರಿಗೆ ಮುಂದೆ ಫಲ ಸಿಗುತ್ತಿತ್ತು. 2000ದ ಮೂರನೆಯ ಆವೃತ್ತಿ ಎಲ್ಲರಿಗೂ ಒಂದೇ ಅನುಭವಾಂಕದ ಪಟ್ಟಿ ಕೊಟ್ಟಿತು. ಬೆಲೆ ಒಂದಾಯಿತು, ಶಕ್ತಿ ಒಂದಾಗಲಿಲ್ಲ, ಮೇಲಿನ ಲೆವೆಲ್‌ಗಳಲ್ಲಿ ಸ್ಪೆಲ್ ಹಾಕುವವರು ಉಳಿದವರನ್ನು ಎಲ್ಲೋ ಹಿಂದೆ ಬಿಟ್ಟು ಹೋದರು. 2008ರ ನಾಲ್ಕನೆಯ ಆವೃತ್ತಿ ಎಲ್ಲ ಕ್ಲಾಸುಗಳಿಗೂ ಒಂದೇ ಅಚ್ಚು ಹಾಕಿತು: ಸದಾ ಬಳಸುವ ಶಕ್ತಿ, ಸಂಘರ್ಷಕ್ಕೊಮ್ಮೆ ಬಳಸುವ ಶಕ್ತಿ, ದಿನಕ್ಕೊಮ್ಮೆ ಬಳಸುವ ಶಕ್ತಿ. ಸಮತೋಲದ ಲೆಕ್ಕದಲ್ಲಿ ಅದು ಮೂರನೆಯದಕ್ಕಿಂತ ಎಷ್ಟೋ ಮೇಲು, ಆದರೂ ಫೈಟರ್ ಮತ್ತು ವಿಝಾರ್ಡ್ ಆಡುವ ಅನುಭವ ಒಂದೇ ಆಗಿಬಿಟ್ಟಿತೆಂದು ಗೊಣಗಿದವರು ಬಹಳ ಮಂದಿ. ಆದ್ದರಿಂದ ನನ್ನ ಮಟ್ಟಿಗೆ ನ್ಯಾಯವೆಂದರೆ ಎಲ್ಲರೂ ಅಷ್ಟೇ ಹಾನಿ ಮಾಡಬೇಕೆಂದಲ್ಲ. ಆಟದ ಒಂದು ಸಂಜೆಯಲ್ಲಿ ಪ್ರತಿಯೊಬ್ಬರಿಗೂ, ಅವರ ಕ್ಲಾಸು ಯಾವುದರಲ್ಲಿ ಮೇಲೋ ಅದು ಬೇಕಾಗುವ ಗಳಿಗೆ ಒಮ್ಮೆಯಾದರೂ ಬರಬೇಕು, ಮತ್ತು ಆ ಗಳಿಗೆಯನ್ನು ಇನ್ನೊಬ್ಬರು ಸುಲಭವಾಗಿ ಕಸಿಯುವಂತಿರಬಾರದು.

ಈ ದೃಷ್ಟಿಯಿಂದ ನೋಡಿದರೆ ಕಡೆಗಣನೆಯೂ ಒಂದು ಹೌಸ್ ರೂಲ್. ಊಟದ ಲೆಕ್ಕ, ಬಾಣದ ಲೆಕ್ಕ, ದಾರಿ ತಪ್ಪುವ ಭಯ, ಹೊರೆಯ ತೂಕ ಇವೆಲ್ಲ ಕಿರಿಕಿರಿ ಎಂದು ನಾವು ಬಿಟ್ಟುಬಿಡುತ್ತೇವೆ, ಬಿಟ್ಟದ್ದರಿಂದ ಯಾರಿಗೂ ನಷ್ಟವಿಲ್ಲ ಎಂದುಕೊಳ್ಳುತ್ತೇವೆ. ಆದರೆ ಕಾಡಿನಲ್ಲಿ ದಾರಿ ತಪ್ಪದಿರುವುದು, ಇತರರಿಗಿಂತ ಎರಡು ಪಾಲು ಆಹಾರ ಹುಡುಕುವುದು ರೇಂಜರ್‌ಗೆ ಮೊದಲ ಲೆವೆಲಿನಲ್ಲೇ ಬರುವ ವಿದ್ಯೆ. “ಹತ್ತು ದಿನ ನಡೆದು ಊರು ತಲುಪಿದಿರಿ” ಎಂದು ಒಂದು ವಾಕ್ಯದಲ್ಲಿ ಪ್ರಯಾಣ ಮುಗಿಸುವ ಮೇಜಿನಲ್ಲಿ ಆ ಆಟಗಾರರ ಕ್ಲಾಸಿನ ಅರ್ಧ ಪುಟವನ್ನು ಹರಿದುಹಾಕಿದಂತೆ. ಪ್ರಯಾಣ ಬೇಡವೆಂದರೆ ಬೇಡ, ಆ ಜಾಗಕ್ಕೆ ರೇಂಜರ್‌ಗೆ ಬೇರೇನಾದರೂ ಕೊಡಬೇಕು.

ಕೊಡುವ ನಿಯಮಗಳು ತಗ್ಗಿಸುವ ನಿಯಮಗಳಿಗಿಂತ ಸಾಮಾನ್ಯವಾಗಿ ಸುಲಭ, ಏಕೆಂದರೆ ಅಲ್ಲಿ ಯಾರ ಕೈಯಿಂದಲೂ ಏನನ್ನೂ ಕಿತ್ತುಕೊಳ್ಳುವ ಪ್ರಸಂಗವಿಲ್ಲ. 2014ರ ಬೀಸ್ಟ್ ಮಾಸ್ಟರ್ ರೇಂಜರ್ ತನ್ನ ಪ್ರಾಣಿಗೆ “ಕಚ್ಚು” ಎನ್ನಬೇಕಾದರೆ ಸರದಿಗೊಂದರಂತೆ ಸಿಗುವ ತನ್ನದೇ ಆಕ್ಷನ್ ಖರ್ಚು ಮಾಡಬೇಕಿತ್ತು. ತೋಳವನ್ನು ಸಾಕಿದವನು ತೋಳ ಕಚ್ಚುವಾಗ ಕೈಕಟ್ಟಿ ನಿಲ್ಲಬೇಕೆಂಬ ಈ ನಿಯಮವನ್ನು ಎಷ್ಟೋ ಮೇಜುಗಳು ಮೊದಲ ವರ್ಷವೇ ಬದಲಾಯಿಸಿಕೊಂಡವು; 2020ರಲ್ಲಿ ಬಂದ ಪೂರಕ ಪುಸ್ತಕ, ಆಕ್ಷನ್ ಅಲ್ಲದೆ ಹೆಚ್ಚುವರಿಯಾಗಿ ಸಿಗುವ ಚಿಕ್ಕ ಬೋನಸ್ ಆಕ್ಷನ್ ಸಾಕೆಂದು ಒಪ್ಪಿಕೊಂಡಿತು. ಮದ್ದಿನ ಸೀಸೆಯನ್ನು ಬೋನಸ್ ಆಕ್ಷನ್‌ನಲ್ಲಿ ಕುಡಿಯಬಹುದೆಂಬುದು ಅದಕ್ಕಿಂತಲೂ ವ್ಯಾಪಕವಾಗಿದ್ದ ಹೌಸ್ ರೂಲ್, ಈಗ 2024ರ ನಿಯಮಗಳಲ್ಲಿ ಅಧಿಕೃತ. ವಂಶದಿಂದಲೇ ಮಂತ್ರಶಕ್ತಿ ಪಡೆದ ಸಾರ್ಸರರ್‌ನದೂ ಇದೇ ಕಥೆ: ಇಪ್ಪತ್ತನೆಯ ಲೆವೆಲಿನಲ್ಲೂ ಅವನು ಬಲ್ಲ ಸ್ಪೆಲ್ ಹದಿನೈದೇ. 2020ರ ಪುಸ್ತಕದಲ್ಲಿ ಬಂದ ಎರಡು ಹೊಸ ಸಬ್‌ಕ್ಲಾಸ್‌ಗಳಿಗೆ (ಕ್ಲಾಸಿನೊಳಗಿನ ಕವಲುಗಳಿಗೆ) ತಲಾ ಹತ್ತು ಸ್ಪೆಲ್ ಹೆಚ್ಚಾಗಿ ಸಿಕ್ಕವು, ಹಳೆಯ ಸಬ್‌ಕ್ಲಾಸ್‌ಗಳು ಬರಿಗೈಯಲ್ಲಿ ಉಳಿದವು. ಹಳೆಯವರಿಗೂ ಅವರವರ ವಂಶಕ್ಕೆ ಒಪ್ಪುವ ಹತ್ತನ್ನು ಕೊಡುವುದರಲ್ಲಿ ನನಗೆ ಯಾವ ಹಿಂಜರಿಕೆಯೂ ಇಲ್ಲ.

ಆದರೆ ದಾನದಲ್ಲೂ ಒಬ್ಬರ ಆಸ್ತಿ ಇನ್ನೊಬ್ಬರಿಗೆ ಹೋಗಿಬಿಡುವುದುಂಟು. ಕತ್ತಿ ಹಿಡಿದವರ ಸರದಿ ಬರೀ “ಹೊಡೆದೆ, ಮತ್ತೆ ಹೊಡೆದೆ” ಆಗಬಾರದೆಂದು ಎಲ್ಲ ಯೋಧರಿಗೂ ಮನೂವರ್‌ಗಳನ್ನು ಕೊಡುವ ಹೌಸ್ ರೂಲ್ ಬಹಳ ಕಡೆ ಇದೆ, ಅದರ ಉದ್ದೇಶವೂ ಒಳ್ಳೆಯದೇ. ಎದುರಾಳಿಯನ್ನು ಕೆಡವುವುದು, ಆಯುಧ ಬೀಳಿಸುವುದು ಮುಂತಾದ ಈ ಪಟ್ಟುಗಳು ಬ್ಯಾಟಲ್ ಮಾಸ್ಟರ್ ಎಂಬ ಒಂದು ಸಬ್‌ಕ್ಲಾಸಿನ ಸರ್ವಸ್ವ. ಮೇಜಿನಲ್ಲಿ ಬ್ಯಾಟಲ್ ಮಾಸ್ಟರ್ ಯಾರೂ ಇಲ್ಲದಿದ್ದರೆ ಕೊಡಿ, ಹಬ್ಬ ಮಾಡಿ. ಇದ್ದರೆ, ಉಳಿದವರಿಗೆ ಈ ಪಟ್ಟುಗಳಿಗೆ ಖರ್ಚು ಮಾಡುವ ಒಂದು ದಾಳ ಸಿಗುವ ದಿನವೇ ಅವರ ನಾಲ್ಕು ದಾಳ ಆರಾಗಬೇಕು, ಇಲ್ಲವೇ ಬೇರೆ ಸಬ್‌ಕ್ಲಾಸಿಗೆ ಹೋಗಲು ಅವರಿಗೆ ಬಾಗಿಲು ತೆರೆದಿರಬೇಕು.

ಇನ್ನೊಂದು ಬಗೆಯ ಅನ್ಯಾಯ ಈಗೀಗ ಹೆಚ್ಚುತ್ತಿದೆ, ಅದು ಅರ್ಧ ಸಾಲ. ಹಳೆಯ ಆವೃತ್ತಿಯಲ್ಲೇ ಆಡುತ್ತ, 2024ರ ಪುಸ್ತಕದಿಂದ ತಮಗೆ ಹಿಡಿಸಿದ ಒಂದು ಸಾಲನ್ನು ಮಾತ್ರ ಎತ್ತಿಕೊಳ್ಳುವುದು. ಧರ್ಮಯೋಧನಾದ ಪ್ಯಾಲಡಿನ್‌ನ ಡಿವೈನ್ ಸ್ಮೈಟ್ ಎಂಬ ಹೆಚ್ಚುವರಿ ಹಾನಿಯನ್ನು ಹಳೆಯ ನಿಯಮದಲ್ಲಿ ಏಟು ತಗುಲಿದ ಮೇಲೆ, ಪ್ರತಿ ಏಟಿಗೂ, ಆಕ್ಷನ್ ಖರ್ಚಿಲ್ಲದೆ ಸೇರಿಸಬಹುದಾಗಿತ್ತು. ಹೊಸದರಲ್ಲಿ ಅದು ಬೋನಸ್ ಆಕ್ಷನ್ ಬೇಡುವ ಒಂದು ಸ್ಪೆಲ್. ತಮ್ಮ ದೊಡ್ಡ ರಾಕ್ಷಸ ಒಂದೇ ಸರದಿಯಲ್ಲಿ ಸತ್ತುಬೀಳುವುದನ್ನು ಕಂಡು ಬೇಸತ್ತ ಡಂಜನ್ ಮಾಸ್ಟರ್‌ಗಳು ಈ ಕಡಿತವನ್ನು ಸಂತೋಷದಿಂದ ಆಮದು ಮಾಡಿಕೊಳ್ಳುತ್ತಾರೆ. ಅದೇ ಪುಸ್ತಕ ಪ್ಯಾಲಡಿನ್‌ಗೆ ದಿನಕ್ಕೊಂದು ಸ್ಮೈಟನ್ನು ಸ್ಲಾಟ್ ಇಲ್ಲದೆ ಕೊಟ್ಟಿದೆ, ಗಾಯ ಮಾಗಿಸುವ ಲೇ ಆನ್ ಹ್ಯಾಂಡ್ಸನ್ನು ಆಕ್ಷನ್‌ನಿಂದ ಬೋನಸ್ ಆಕ್ಷನ್‌ಗೆ ಇಳಿಸಿದೆ, ಆಯುಧಗಳಿಗೆ ಹೊಸ ಪಟ್ಟುಗಳನ್ನು ಸೇರಿಸಿದೆ. ಅವುಗಳ ಸುದ್ದಿ ಯಾರೂ ಎತ್ತುವುದಿಲ್ಲ. ಕ್ಲಾಸಿನ ಒಂದು ಬದಲಾವಣೆ ಬೇಕೆಂದರೆ ಆ ಕ್ಲಾಸಿನ ಎಲ್ಲ ಬದಲಾವಣೆಗಳೂ ಬರಲಿ.

ಇನ್ನು ನಿಯಮ ತರುವ ರೀತಿ. ಪಾತ್ರ ಕಟ್ಟುವ ಮೊದಲು ಹೇಳಿದ ಕಠಿಣ ನಿಯಮವನ್ನು ಜನ ಒಪ್ಪುತ್ತಾರೆ, ಆರು ತಿಂಗಳು ಆಡಿದ ಮೇಲೆ ಹೇಳಿದ ಸಣ್ಣ ನಿಯಮಕ್ಕೂ ಮನಸ್ಸು ಕೆಡುತ್ತದೆ. ಆದ್ದರಿಂದ ನಮ್ಮಲ್ಲಿ ಮೊದಲ ಭೇಟಿಯಲ್ಲಿ ಆಟವಿಲ್ಲ, ನಿಯಮಗಳ ಒಂದು ಪುಟ ಓದಿ, ಚರ್ಚಿಸಿ, ಆಮೇಲೆ ಯಾರು ಯಾವ ಕ್ಲಾಸ್ ಎಂದು ನಿರ್ಧರಿಸುತ್ತೇವೆ. ಪಾತ್ರದ ಬಲ, ಚುರುಕು ಮುಂತಾದವನ್ನು ಅಳೆಯುವ ಗುಣಾಂಕಗಳ ವಿಷಯ ತೀರ್ಮಾನವಾಗುವುದೂ ಅಲ್ಲೇ. ನಾಲ್ಕು ದಾಳ ಎಸೆದು ಸಣ್ಣದನ್ನು ಬಿಡುವ ಪದ್ಧತಿಯ ಸರಾಸರಿ 12ಕ್ಕಿಂತ ತುಸು ಹೆಚ್ಚು, ಪುಸ್ತಕದ ಸಿದ್ಧ ಪಟ್ಟಿಯ ಸರಾಸರಿ ಸರಿಯಾಗಿ 12. ವ್ಯತ್ಯಾಸ ಕಾಣುವುದು ಸರಾಸರಿಯಲ್ಲಲ್ಲ, ಅದೃಷ್ಟ ಕೆಟ್ಟಾಗ. ಮೂರು ಗುಣಾಂಕಗಳು ಚೆನ್ನಾಗಿರಲೇಬೇಕಾದ ಮಂಕ್‌ಗೆ ಕೆಟ್ಟ ದಾಳ ಬಿದ್ದರೆ ಆಟವಿಡೀ ನರಳಾಟ. ಮೂನ್ ಡ್ರುಯಿಡ್‌ಗೆ ಅದೇ ದಾಳ ಬಿದ್ದರೆ, ತನ್ನ ಬಲ ಚುರುಕುಗಳ ಬದಲು ಕರಡಿಯವನ್ನು ತೊಟ್ಟುಕೊಂಡು ಹಾಯಾಗಿರುತ್ತಾನೆ. ಎಲ್ಲರೂ ದಾಳ ಎಸೆಯಲಿ, ಬಿದ್ದ ಪಟ್ಟಿಗಳಲ್ಲಿ ಯಾವುದನ್ನು ಬೇಕಾದರೂ ಯಾರು ಬೇಕಾದರೂ ಆರಿಸಿಕೊಳ್ಳಲಿ ಎಂಬುದು ನಮ್ಮ ಕ್ರಮ.

ನಡುವೆ ನಿಯಮ ಬದಲಾಯಿಸಲೇಬೇಕಾದಾಗ, ಅದು ಯಾರ ಪಾತ್ರಕ್ಕೆ ಹೆಚ್ಚು ತಾಗುತ್ತದೆಯೋ ಅವರ ಮಾತನ್ನು ಮೊದಲು ಕೇಳುತ್ತೇವೆ, ಬಹುಮತದ ಮತ ಹಾಕಿಸುವುದಿಲ್ಲ. ನಾಲ್ವರು ಸೇರಿ ಐದನೆಯವರ ಕ್ಲಾಸನ್ನು ಕತ್ತರಿಸುವುದು ಮತದಾನಕ್ಕೆ ತಕ್ಕ ವಿಷಯವಲ್ಲ. ಹೊಸ ನಿಯಮವನ್ನು ಕೆಲವು ಭೇಟಿಗಳ ಮಟ್ಟಿಗೆ ಮಾತ್ರ ಜಾರಿಗೆ ತರುತ್ತೇವೆ, ತೊಂದರೆಯಾದವರು ಸಬ್‌ಕ್ಲಾಸನ್ನೋ ಸ್ಪೆಲ್‌ಗಳನ್ನೋ ದಂಡವಿಲ್ಲದೆ ಬದಲಾಯಿಸಿಕೊಳ್ಳಬಹುದು. ಡಂಜನ್ ಮಾಸ್ಟರ್‌ನ ರಾಕ್ಷಸರಿಗೂ ಅದೇ ನಿಯಮ ಅನ್ವಯಿಸಬೇಕೆಂಬುದನ್ನು ಹೇಳಬೇಕಾಗಿಲ್ಲ, ಆದರೂ ಹೇಳಿ ಬರೆಸಿಕೊಳ್ಳುವುದು ಕ್ಷೇಮ.

ಸದ್ಯಕ್ಕೆ ನಮ್ಮ ಮುಂದಿರುವುದು ಕೌಂಟರ್‌ಸ್ಪೆಲ್. ಹಳೆಯ ನಿಯಮದಲ್ಲಿ ಮೂರನೆಯ ಮಟ್ಟದವರೆಗಿನ ಯಾವ ಸ್ಪೆಲ್ಲನ್ನಾದರೂ ಅದು ದಾಳವಿಲ್ಲದೆ ಅಳಿಸಿಹಾಕುತ್ತದೆ, ಅಳಿದ ಸ್ಪೆಲ್ಲಿನ ಸ್ಲಾಟೂ ಹೋಗುತ್ತದೆ. ಹೊಸ ನಿಯಮದಲ್ಲಿ ಗುರಿಯಾದವರು ಕಾನ್‌ಸ್ಟಿಟ್ಯೂಷನ್ ಸೇವ್ (ದೇಹದಾರ್ಢ್ಯದ ಗುಣಾಂಕದಿಂದ ತಪ್ಪಿಸಿಕೊಳ್ಳುವ ದಾಳ) ಎಸೆಯಬಹುದು, ಸೋತರೂ ಸ್ಲಾಟ್ ಉಳಿಯುತ್ತದೆ. ನಮ್ಮ ಸಾರ್ಸರರ್ ಇದು ಬೇಕೆಂದು ಎರಡು ವಾರದಿಂದ ಹೇಳುತ್ತಿದ್ದಾರೆ. “ನಿಮಗೇನಪ್ಪ, ಬೇಕು ಅಂತೀರಿ” ಎಂದು ವಿಝಾರ್ಡ್ ಆಡುವವರು ಗೊಣಗಿದ್ದಕ್ಕೆ ಕಾರಣವಿದೆ: ಸ್ಪೆಲ್ಲನ್ನೇ ನಂಬಿದ ಕ್ಲಾಸುಗಳ ಪೈಕಿ ಆ ಸೇವ್‌ನಲ್ಲಿ ಹುಟ್ಟಿನಿಂದಲೇ ಪರಿಣತಿ ಇರುವುದು ಸಾರ್ಸರರ್‌ಗೆ ಮಾತ್ರ. ಸ್ಪೆಲ್ಲೊಂದರ ತಿದ್ದುಪಡಿಯಂತೆ ಕಾಣುವ ಇದು ಒಂದು ಕ್ಲಾಸಿಗೆ ಕೊಟ್ಟ ಕೊಡುಗೆಯೂ ಹೌದು. ಮುಂದಿನ ಅಧ್ಯಾಯದಿಂದ ಮೂರು ಭೇಟಿಗಳ ಮಟ್ಟಿಗೆ ಹೊಸ ನಿಯಮ, ಪ್ರತಿಯೊಬ್ಬರೂ ತಮ್ಮ ಸ್ಪೆಲ್ ಹಾಕಲು ಬಳಸುವ ಗುಣಾಂಕದಿಂದಲೇ ಸೇವ್ ಎಸೆಯಬಹುದು ಎಂಬ ಒಂದು ತಿದ್ದುಪಡಿಯೊಡನೆ, 2014ರ ಪುಟದ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದೇವೆ. ಸಾರ್ಸರರ್ ಇದಕ್ಕೆ ಒಪ್ಪಿದ್ದಾರೆ. ವಾರ್ಲಾಕ್ ಆಡುವವರು, ತಮಗಿರುವುದೇ ಎರಡು ಸ್ಲಾಟ್ ಆದ್ದರಿಂದ ಸೇವ್ ಯಾವುದಾದರೂ ಸರಿ, ಸ್ಲಾಟ್ ಉಳಿಯುವ ಸಾಲನ್ನು ಮಾತ್ರ ಪೆನ್ನಿನಲ್ಲಿ ಬರೆಯಿರಿ ಎಂದಿದ್ದಾರೆ.